ಬೋರ್ಡೋದ ತೂಕರಹಿತ ಹಾರಾಟ: ಘಾಟಿಯಲ್ಲಿ ವಾಂತಿ ಮಾಡುವವಳ ವಿಮರ್ಶೆ

ಅಡಿಕೆ ತೋಟವಿರುವ ಮನೆಯಲ್ಲಿ ಹುಟ್ಟಿದವರಿಗೆ ಬೋರ್ಡೋ ಎಂದರೆ ಊರಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು ಮತ್ತು ಸುಣ್ಣದ ದ್ರಾವಣ. ಆ ದ್ರಾವಣಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಊರಿಗೆ ನಾನು ಕಳೆದ ವರ್ಷ ಹೋದದ್ದು ದ್ರಾಕ್ಷಿ ತೋಟ ನೋಡುವುದಕ್ಕಲ್ಲ, ಅಲ್ಲಿನ ಮೆರಿನ್ಯಾಕ್ ವಿಮಾನ ನಿಲ್ದಾಣದಿಂದ ನೊವೆಸ್ಪಾಸ್ ಸಂಸ್ಥೆ ಹಾರಿಸುವ ಏರ್‌ಬಸ್ ಎ310 ಝೀರೋ-ಜಿ ವಿಮಾನದಲ್ಲಿ ಕೆಲವು ನಿಮಿಷ ತೂಕವಿಲ್ಲದೆ ತೇಲುವುದಕ್ಕೆ. ಟಿಕೆಟ್ ಕಾದಿರಿಸಿದ ಸುದ್ದಿಯನ್ನು ಉಜಿರೆಗೆ ಫೋನ್ ಮಾಡಿ ತಿಳಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಚಾರ್ಮಾಡಿ ಹತ್ತುವಾಗ ಮೂರು ಸಲ ಬಸ್ ನಿಲ್ಲಿಸುವವಳಿಗೆ ಇದೆಲ್ಲ ಯಾಕೆ ಮಾರಾಯ್ತಿ?" ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಹಾಗಾಗಿ ಈ ವಿಮರ್ಶೆಯಲ್ಲಿ ತೇಲುವ ಸುಖದ ವರ್ಣನೆಗಿಂತ, ಹಾರಾಟವನ್ನು ನಡೆಸುವವರು ಪ್ರಯಾಣಿಕರ ಹೊಟ್ಟೆಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಹಣ ಕೊಡುವ ಮೊದಲು ನನಗೆ ಬೇಕಾಗಿದ್ದ ಮಾಹಿತಿಯೂ ಅದೇ ಆಗಿತ್ತು.

ಮೊದಲು ಲೆಕ್ಕಾಚಾರ. ಟಿಕೆಟ್ಟಿನ ಬೆಲೆ ಆರು ಸಾವಿರ ಯೂರೋ ದಾಟುತ್ತದೆ. ಅದಕ್ಕೆ ಪ್ರತಿಯಾಗಿ ವಿಮಾನವು ಸಮುದ್ರದ ಮೇಲೆ 15 ಪ್ಯಾರಾಬೋಲಾಗಳನ್ನು, ಅಂದರೆ ಏರಿ ಇಳಿಯುವ ಬಿಲ್ಲಿನಾಕಾರದ ದಾರಿಗಳನ್ನು, ಬರೆಯುತ್ತದೆ: ಮೊದಲನೆಯದು ಮಂಗಳ ಗ್ರಹದ ಗುರುತ್ವದ್ದು, ಮುಂದಿನ ಎರಡು ಚಂದ್ರನದ್ದು, ಉಳಿದ 12 ಪೂರ್ತಿ ತೂಕರಹಿತ. ಒಂದೊಂದು ತೂಕರಹಿತ ಅವಧಿ ಸುಮಾರು 22 ಸೆಕೆಂಡು ಇರುವುದರಿಂದ ಒಟ್ಟು ತೇಲಾಟ ನಾಲ್ಕೂವರೆ ನಿಮಿಷಕ್ಕೂ ತುಸು ಕಡಿಮೆ. ಮಂಗಳ, ಚಂದ್ರರನ್ನು ಬಿಟ್ಟು ಎಣಿಸಿದರೆ ಒಂದು ಪ್ಯಾರಾಬೋಲಾಕ್ಕೆ ಐನೂರು ಯೂರೋಗಳ ಮೇಲೆ ಬಿತ್ತು. ಅಂದರೆ ಒಂದು ಪ್ಯಾರಾಬೋಲಾವನ್ನು ಕಾಗದದ ಚೀಲಕ್ಕೆ ಮುಖ ಹಾಕಿಕೊಂಡು ಕಳೆದರೆ ಆಗುವ ನಷ್ಟವೂ ಅಷ್ಟೇ. ಹೀಗಿರುವಾಗ ವಾಂತಿಯನ್ನು ತಡೆಯುವ ವ್ಯವಸ್ಥೆ ಈ ಸೇವೆಗೆ ಅಂಟಿಕೊಂಡ ಒಂದು ಅನುಕೂಲ ಮಾತ್ರವಲ್ಲ, ಸೇವೆಯ ಬಹುಪಾಲು ಅದೇ.

ಹೊಟ್ಟೆ ಕೆಡುವುದು ತೇಲುವಾಗ ಎಂದು ನಾನು ತಿಳಿದಿದ್ದೆ. ನಿಜವಾಗಿ ಕೆಡಿಸುವುದು ಅದರ ಹಿಂದೆ ಮುಂದೆ ಬರುವ ಭಾರದ ಅವಧಿಗಳು. ವಿಮಾನ ಸುಮಾರು ಆರು ಸಾವಿರ ಮೀಟರ್ ಎತ್ತರದಲ್ಲಿ ಮಟ್ಟಸವಾಗಿ ಹಾರುತ್ತಿದ್ದು, ಒಮ್ಮೆಲೇ ಮೂಗನ್ನು ಮೇಲೆತ್ತಿ ಏರತೊಡಗುತ್ತದೆ. ಆ ಇಪ್ಪತ್ತು ಸೆಕೆಂಡುಗಳಲ್ಲಿ ಮೈಯ ತೂಕ ಸುಮಾರು 1.8 ಪಟ್ಟಾಗಿ, 60 ಕಿಲೋ ಇರುವ ನಾನು 108 ಕಿಲೋ ಆಗುತ್ತೇನೆ. ಮೂಗು ಐವತ್ತು ಡಿಗ್ರಿಯ ಹತ್ತಿರ ಬಂದಾಗ ಪೈಲಟ್‌ಗಳು ಎಂಜಿನ್ನಿನ ನೂಕುಬಲವನ್ನು ಗಾಳಿಯ ಎಳೆತಕ್ಕೆ ಸರಿದೂಗುವಷ್ಟಕ್ಕೆ ಇಳಿಸುತ್ತಾರೆ. ಅಲ್ಲಿಂದ ವಿಮಾನವು ಮೇಲಕ್ಕೆ ಎಸೆದ ಕಲ್ಲಿನಂತೆ ತನ್ನಷ್ಟಕ್ಕೆ ಏರಿ, 8500 ಮೀಟರಿನ ಆಸುಪಾಸಿನಲ್ಲಿ ತುದಿ ಮುಟ್ಟಿ, ಮತ್ತೆ ಬೀಳುತ್ತದೆ. ಒಳಗಿರುವ ನಾವೂ ಅದೇ ವೇಗದಲ್ಲಿ ಬೀಳುವುದರಿಂದ ನೆಲ ನಮ್ಮನ್ನು ತಾಂಗುವುದಿಲ್ಲ. ಕೆಳಗೆ ಮತ್ತೆ ಸಮತಲಕ್ಕೆ ಎಳೆಯುವಾಗ ಇನ್ನೊಮ್ಮೆ 1.8 ಪಟ್ಟು ಭಾರ. ಹದಿನೈದು ಪ್ಯಾರಾಬೋಲಾಕ್ಕೆ ಮೂವತ್ತು ಸಲ ಈ ಒತ್ತಡ. ಮೂವರು ಪೈಲಟ್‌ಗಳು ಏಕಕಾಲಕ್ಕೆ ವಿಮಾನ ನಡೆಸುತ್ತಾರೆ, ಒಬ್ಬರು ಮೂಗಿನ ಏರಿಳಿತವನ್ನು, ಇನ್ನೊಬ್ಬರು ರೆಕ್ಕೆಗಳ ಸಮವನ್ನು, ಮೂರನೆಯವರು ಎಂಜಿನ್ನನ್ನು ನೋಡಿಕೊಳ್ಳುತ್ತಾರೆ ಎಂದು ತಿಳಿದ ಮೇಲೆ ನನಗೆ ನಮ್ಮೂರ ಬಸ್ಸಿನ ಚಾಲಕರ ಮೇಲೆ ಗೌರವ ಹೆಚ್ಚಿತು. ಅವರು ಎಲ್ಲವನ್ನೂ ಒಬ್ಬರೇ ಮಾಡುತ್ತಾರೆ.

ಒಳಗಿವಿಯಲ್ಲಿ ಎರಡು ಬಗೆಯ ಅಂಗಗಳಿವೆ. ಮೂರು ಅರೆವರ್ತುಲ ನಾಳಗಳು ತಲೆ ತಿರುಗಿದ್ದನ್ನು ತಿಳಿಸುತ್ತವೆ. ಸುಣ್ಣದ ಸಣ್ಣ ಹರಳುಗಳು ಕುಳಿತಿರುವ ಎರಡು ಚೀಲಗಳು ಗುರುತ್ವದ ದಿಕ್ಕನ್ನೂ ನೇರ ಚಲನೆಯನ್ನೂ ಹೇಳುತ್ತವೆ. ಘಾಟಿಯ ಬಸ್ಸಿನಲ್ಲಿ ಕಿವಿ ತಿರುವನ್ನು ಹೇಳುತ್ತದೆ, ಎದುರಿನ ಸೀಟಿನ ಬೆನ್ನನ್ನು ನೋಡುತ್ತಿರುವ ಕಣ್ಣು ಏನೂ ಅಲ್ಲಾಡುತ್ತಿಲ್ಲ ಎನ್ನುತ್ತದೆ. ಈ ತಕರಾರನ್ನು ಮಿದುಳು ಬಗೆಹರಿಸಲಾಗದೆ ಹೊಟ್ಟೆಯ ಮೇಲೆ ಹಾಕುತ್ತದೆ. ತೂಕರಹಿತ ಸ್ಥಿತಿಯಲ್ಲಿ ತಕರಾರು ಕಿವಿಯ ಒಳಗೇ ಹುಟ್ಟುತ್ತದೆ. ತಲೆ ಬಾಗಿಸಿದರೆ ನಾಳಗಳು ಬಾಗಿದೆ ಎನ್ನುತ್ತವೆ, ಆದರೆ ತೂಕ ಕಳೆದುಕೊಂಡ ಹರಳುಗಳು ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಅರ್ಧ ನಿಮಿಷದ ಹಿಂದೆ ಅವೇ ಹರಳುಗಳು ಸುಮಾರು ಎರಡು ಪಟ್ಟು ಭಾರದಿಂದ ಕೂಗುತ್ತಿದ್ದವು. ಈ ವಿವರಣೆಗೆ ಇಂದ್ರಿಯ ಸಂಘರ್ಷದ ಸಿದ್ಧಾಂತವೆಂದು ಹೆಸರು, ಮತ್ತು ಇದನ್ನು ಪುಷ್ಟೀಕರಿಸುವ ಒಂದು ಹಳೆಯ ಅಧ್ಯಯನ ನನಗೆ ಬಹಳ ಇಷ್ಟ. 1950ರ ದಶಕದ ಕೊನೆಯಿಂದ ಅಮೆರಿಕದ ನೌಕಾಪಡೆ ಮತ್ತು ನಾಸಾ ಗ್ಯಾಲೊಡೆಟ್ ಕಾಲೇಜಿನ ಹನ್ನೊಂದು ಮಂದಿ ಕಿವುಡರನ್ನು ಪ್ಯಾರಾಬೋಲಾ ವಿಮಾನದಲ್ಲಿ, ತಿರುಗುವ ಕೋಣೆಯಲ್ಲಿ, ಬಿರುಗಾಳಿಯ ಸಮುದ್ರದ ಮೇಲಿನ ಹಡಗಿನಲ್ಲಿ ಪರೀಕ್ಷಿಸಿದವು. ಅವರಲ್ಲಿ ಹೆಚ್ಚಿನವರ ಒಳಗಿವಿ ಬಾಲ್ಯದ ಮೆದುಳುಪೊರೆಯ ಜ್ವರದಿಂದ ಹಾಳಾಗಿತ್ತು. ಹಡಗಿನಲ್ಲಿ ಅವರು ನೆಮ್ಮದಿಯಿಂದ ಇಸ್ಪೀಟು ಆಡುತ್ತಿದ್ದರೆ, ಪರೀಕ್ಷಿಸಲು ಬಂದ ವಿಜ್ಞಾನಿಗಳೇ ವಾಂತಿ ಮಾಡಿಕೊಂಡು ಮಲಗಿದರಂತೆ.

ಈಗ ಸೇವೆಯ ವಿಷಯಕ್ಕೆ ಬರುತ್ತೇನೆ. ಹಾರಾಟಕ್ಕೆ ಮೊದಲು ವೈದ್ಯರ ಪ್ರಮಾಣಪತ್ರ ಕಡ್ಡಾಯ. ಬೆಳಗ್ಗೆ ವಿವರಣೆಯ ಸಭೆ ಮುಗಿದ ಮೇಲೆ, ಬೇಕೆಂದವರಿಗೆ ಸ್ಕೋಪೊಲಮೀನ್ ಎಂಬ ಔಷಧಿಯನ್ನು ಚರ್ಮದ ಕೆಳಗೆ ಚುಚ್ಚುತ್ತಾರೆ. ಒತ್ತಾಯವಿಲ್ಲ, ಮೊದಲ ಬಾರಿಗೆ ಹಾರುವವರು ತೆಗೆದುಕೊಳ್ಳುವುದು ಒಳ್ಳೆಯದೆಂದು ನನಗೆ ಹೇಳಿದರು, ಅಡ್ಡಪರಿಣಾಮಗಳನ್ನೂ ಮರೆಮಾಚದೆ ತಿಳಿಸಿದರು. ಈ ಸ್ಕೋಪೊಲಮೀನ್ ನಮಗೆ ಅಪರಿಚಿತವೇನಲ್ಲ. ನಮ್ಮ ಬೇಲಿಬದಿಯಲ್ಲಿ ಬೆಳೆಯುವ, ಶಿವನಿಗೆ ಏರಿಸುವ ಹೂವಿನ ಉಮ್ಮತ್ತಿ ಗಿಡದಲ್ಲಿ ಇರುವ ವಿಷಗಳಲ್ಲಿ ಇದೂ ಒಂದು. ಉಮ್ಮತ್ತಿ ತಿಂದವನಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಬುದ್ಧಿ ಕದಡುತ್ತದೆಂದು ಹಳ್ಳಿಯವರು ಹೇಳುವುದು ಇದರ ಗುಣವನ್ನೇ. ಉನ್ಮತ್ತ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅಳತೆ ಮಾಡಿದ ಅತ್ಯಲ್ಪ ಪ್ರಮಾಣದಲ್ಲಿ ಅದು ಒಳಗಿವಿಯಿಂದ ಮಿದುಳಿನ ವಾಂತಿ ಕೇಂದ್ರಕ್ಕೆ ಹೋಗುವ ಸುದ್ದಿಯನ್ನು ತಗ್ಗಿಸುತ್ತದೆ. ಗಿಡದಲ್ಲಿ ಈ ಪ್ರಮಾಣ ಎಲೆಯಿಂದ ಎಲೆಗೆ, ಕಾಯಿಯಿಂದ ಕಾಯಿಗೆ ಬದಲಾಗುವುದರಿಂದ ಯಾರೂ ಬೇಲಿಯ ಕಡೆ ನೋಡಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ; ಅದು ಪ್ರಾಣ ತೆಗೆಯುತ್ತದೆ.

ನಾನು ಇಂಜೆಕ್ಷನ್ ತೆಗೆದುಕೊಂಡೆ. ಜೊತೆಗೆ ಬಂದಿದ್ದ ಸಹೋದ್ಯೋಗಿ ಮಾರ್ಸೇಯ್ ಕಡೆಯವರು, ಚಿಕ್ಕಂದಿನಿಂದ ಹಾಯಿದೋಣಿ ನಡೆಸಿದವರು, ಸಮುದ್ರದಲ್ಲಿ ಒಮ್ಮೆಯೂ ಓಕರಿಸದವರು. ಅವರು ಬೇಡವೆಂದರು.

ಕ್ಯಾಬಿನ್ನಿನ ನಡುಭಾಗದಲ್ಲಿ ಸೀಟುಗಳಿಲ್ಲ. ನೆಲ, ಗೋಡೆ, ಚಾವಣಿಗಳಿಗೆಲ್ಲ ಮೆತ್ತೆ ಹೊದಿಸಿದೆ. ಪೂರ್ವ ಜರ್ಮನಿಯ ವಿಮಾನ ಸಂಸ್ಥೆಗಾಗಿ ತಯಾರಾಗಿ, ಬಳಿಕ ಜರ್ಮನಿಯ ಚಾನ್ಸಲರರನ್ನು ಹೊತ್ತು ತಿರುಗಿ, 2015ರಿಂದ ಈ ಕೆಲಸಕ್ಕೆ ಬಿದ್ದ ವಿಮಾನವಿದು. ಮೇಲ್ವಿಚಾರಕರು ನಮ್ಮನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಚಾವಣಿಯ ಒಂದು ಬಿಂದುವನ್ನು ನೋಡುತ್ತಿರಲು ಹೇಳಿದರು. ಭಾರದ ಅವಧಿಯಲ್ಲಿ ತಲೆಯನ್ನು ಅತ್ತಿತ್ತ ತಿರುಗಿಸಬಾರದು. ಪಕ್ಕದವರನ್ನು ನೋಡಿ ನಗುವುದೂ ಬೇಡ. ಇಡೀ ಹಾರಾಟದಲ್ಲಿ ಇದಕ್ಕಿಂತ ಬೆಲೆಬಾಳುವ ಸಲಹೆ ಇಲ್ಲ, ಮತ್ತು ಅವರು ಅದನ್ನು ಒಂದು ಸಲ ಹೇಳಿ ಸುಮ್ಮನಾಗದೆ ಪ್ರತಿ ಬಾರಿಯೂ ನೆನಪಿಸುತ್ತಾರೆ. ಪೈಲಟ್ ಧ್ವನಿವರ್ಧಕದಲ್ಲಿ ಮೂಗಿನ ಕೋನವನ್ನು ಕೂಗುತ್ತಾರೆ: ಮೂವತ್ತು, ನಲವತ್ತು, ಆಮೇಲೆ "ಇಂಜೆಕ್ಷನ್". ವಿಮಾನವನ್ನು ಪ್ಯಾರಾಬೋಲಾದೊಳಕ್ಕೆ ಹೊಗಿಸಿದೆವು ಎಂದು ಅದರ ಅರ್ಥ. ಮೊದಲ ಸಲ ಆ ಪದ ಕೇಳಿದಾಗ ನನ್ನ ಕೈ ತಾನಾಗಿಯೇ ಬೆಳಗ್ಗೆ ಸೂಜಿ ಚುಚ್ಚಿದ ಜಾಗಕ್ಕೆ ಹೋಯಿತು.

ಪ್ಯಾರಾಬೋಲಾಗಳ ಸರದಿಯಲ್ಲಿ ಒಂದು ಜಾಣತನವಿದೆ. ಮಂಗಳದಲ್ಲಿ ಮೂರನೆಯ ಒಂದು ಭಾಗ ತೂಕ, ಚಂದ್ರನಲ್ಲಿ ಆರನೆಯ ಒಂದು ಭಾಗ. ಇವನ್ನು ಮೊದಲು ಇಟ್ಟಿರುವುದು ಆಕರ್ಷಣೆಗೆಂದು ಕಾಣಬಹುದು. ಆದರೆ ಒಳಗಿವಿಗೆ ತೂಕವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದಂತಾಗಿ, ಪೂರ್ತಿ ತೇಲುವ ಹೊತ್ತಿಗೆ ಮೈ ಬೆಚ್ಚಿಬೀಳುವುದಿಲ್ಲ. ಸರಣಿಗಳ ನಡುವೆ ವಿಮಾನ ಮಟ್ಟಸವಾಗಿ ಹಾರುವ ಬಿಡುವುಗಳೂ ಇವೆ. ಮೊದಲ ತೂಕರಹಿತ ಪ್ಯಾರಾಬೋಲಾದಲ್ಲಿ ನಾನು ನೆಲದಿಂದ ಮೇಲೇಳುವ ಪ್ರಯತ್ನ ಮಾಡಲಿಲ್ಲ, ನೆಲವೇ ಬಿಟ್ಟುಹೋಯಿತು. ಕಾಲು ಝಾಡಿಸಿದರೆ ಈಜಿದಂತೆ ಮುಂದೆ ಹೋಗುತ್ತೇನೆಂದುಕೊಂಡದ್ದು ಸುಳ್ಳಾಯಿತು. ಹಿಡಿಯಲು ಏನಾದರೂ ಸಿಗುವ ತನಕ ಇದ್ದಲ್ಲೇ ಇರಬೇಕು. ಐದನೆಯದರ ಹೊತ್ತಿಗೆ ಬಾಯಲ್ಲಿ ನೀರೂರುತ್ತದೆಯೇ, ಆಕಳಿಕೆ ಬರುತ್ತದೆಯೇ, ಹಣೆಯಲ್ಲಿ ತಣ್ಣನೆಯ ಬೆವರು ಇದೆಯೇ ಎಂದು, ಕೊಟ್ಟಿಗೆಹಾರದ ಬಸ್ಸಿನಲ್ಲಿ ಕಲಿತ ಲಕ್ಷಣಗಳನ್ನೆಲ್ಲ ಒಂದೊಂದಾಗಿ ಹುಡುಕಿದೆ. ಯಾವುದೂ ಇರಲಿಲ್ಲ. ನಾಲಿಗೆ ಮಾತ್ರ ಒಣಗಿ ಅಂಗುಳಕ್ಕೆ ಅಂಟಿತ್ತು.

ಸಹೋದ್ಯೋಗಿ ಎಂಟನೆಯ ಪ್ಯಾರಾಬೋಲಾ ಮುಗಿದು ಭಾರ ಮರಳುವಾಗ ನನ್ನ ಕಡೆ ತಿರುಗಿ ಏನನ್ನೋ ಹೇಳಹೊರಟು, ಹೇಳದೆ, ಜೇಬಿನಿಂದ ಚೀಲ ತೆಗೆದರು. ಮೇಲ್ವಿಚಾರಕರು ಕ್ಷಣ ತಡಮಾಡದೆ ಬಂದು, ಮುಂದಿನ ಬಿಡುವಿನಲ್ಲಿ ಅವರನ್ನು ಹಿಂಭಾಗದ ಸೀಟಿಗೆ ಕರೆದೊಯ್ದು, ಪಟ್ಟಿ ಕಟ್ಟಿ ಕೂರಿಸಿದರು. ಯಾರೂ ನಗಲಿಲ್ಲ, ಯಾರೂ ಅಯ್ಯೋ ಎನ್ನಲೂ ಇಲ್ಲ. ಚೀಲವನ್ನು ಮುಚ್ಚಿ ತೆಗೆದುಕೊಂಡುಹೋದ ರೀತಿ ಹೋಟೆಲಿನಲ್ಲಿ ಎಲೆ ಎತ್ತುವಷ್ಟು ಸಹಜವಾಗಿತ್ತು. ಈ ಶಿಸ್ತಿಗೆ ನನ್ನ ಪೂರ್ಣ ಅಂಕ. ಹಾಯಿದೋಣಿಯ ಅಭ್ಯಾಸ ಅವರನ್ನು ಕಾಯಲಿಲ್ಲವೆಂಬುದು ಆಶ್ಚರ್ಯದ ವಿಷಯವೂ ಅಲ್ಲ. ಮೈ ಒಗ್ಗಿಕೊಳ್ಳುವುದು ಒಂದೊಂದು ಬಗೆಯ ಚಲನೆಗೆ ಬೇರೆ ಬೇರೆಯಾಗಿ. ಅಲೆಗೆ ಒಗ್ಗಿದ ಕಿವಿಗೆ ಪ್ಯಾರಾಬೋಲಾ ಹೊಸದೇ.

ಹದಿನೈದಕ್ಕೆ ನಿಲ್ಲಿಸುವುದು ಕಡಿಮೆಯಾಯಿತೆಂದು ದೂರುವವರಿದ್ದಾರೆ. ಇದೇ ವಿಮಾನ ವಿಜ್ಞಾನಿಗಳನ್ನು ಕರೆದೊಯ್ಯುವಾಗ ಒಂದೇ ಹಾರಾಟದಲ್ಲಿ 31 ಪ್ಯಾರಾಬೋಲಾ ಮಾಡುತ್ತದೆ ಎಂಬುದು ಅವರ ವಾದ. ನಾಸಾದ ಕೆಸಿ-135 ವಿಮಾನ ನಲವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮಾಡುತ್ತಿತ್ತು. ಅದಕ್ಕೆ ವಾಂತಿಯ ಧೂಮಕೇತು ಎಂಬರ್ಥದ ಅಡ್ಡಹೆಸರು ಬಂದದ್ದೂ ಹಾಗೆಯೇ. ಹತ್ತಿದವರಲ್ಲಿ ಮೂರನೆಯ ಒಂದು ಭಾಗಕ್ಕೆ ಜೋರಾಗಿ, ಇನ್ನೊಂದು ಭಾಗಕ್ಕೆ ಅಷ್ಟಿಷ್ಟು ತೊಂದರೆಯಾಗುತ್ತದೆ, ಉಳಿದವರಿಗೆ ಏನೂ ಆಗುವುದಿಲ್ಲ ಎಂಬುದು ಅಲ್ಲಿ ಬಾಯಿಂದ ಬಾಯಿಗೆ ಬಂದ ಲೆಕ್ಕ. ಹನ್ನೆರಡನೆಯದರ ನಂತರ ನನಗೂ ತಲೆ ತುಸು ಭಾರವಾಗತೊಡಗಿದ್ದನ್ನು ನೆನೆದರೆ, ಹದಿನೈದು ಎಂಬ ಸಂಖ್ಯೆಯನ್ನು ಲಾಭದ ಲೆಕ್ಕದಿಂದಷ್ಟೇ ಇಟ್ಟದ್ದಲ್ಲ ಎಂದು ನನ್ನ ಅಭಿಪ್ರಾಯ. ಬಡಿಸುವವರು ಕೈ ತಡೆಯಬೇಕಾದದ್ದು ಉಣ್ಣುವವನು ಸಾಕೆನ್ನುವುದಕ್ಕೆ ಒಂದು ತುತ್ತು ಮೊದಲು.

ಕೊರತೆಗಳಿಲ್ಲವೆಂದಲ್ಲ. ಮೊದಲನೆಯದು ಔಷಧಿಯದೇ. ಇಳಿದ ಮೇಲೆ ಸಂಜೆಯವರೆಗೂ ಹತ್ತಿರದ ಅಕ್ಷರಗಳು ಮಸುಕಾಗಿ, ಫೋನಿನಲ್ಲಿ ಬಂದ ಅಮ್ಮನ ಸಂದೇಶವನ್ನು ಕೈಯಳತೆಯ ದೂರಕ್ಕೆ ಹಿಡಿದು ಓದಬೇಕಾಯಿತು; ಕಣ್ಣುರೆಪ್ಪೆ ಎಳೆಯುವಂಥ ನಿದ್ದೆ. ಆ ದಿನ ಕಾರು ಓಡಿಸುವ ಯೋಚನೆ ಬೇಡ. ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾದ ಕೆಲವು ಬಗೆಗಳಿರುವವರಿಗೆ, ಪ್ರಾಸ್ಟೇಟ್ ಹಿಗ್ಗಿ ಮೂತ್ರ ಕಟ್ಟುವ ತೊಂದರೆಯಿರುವವರಿಗೆ ಸ್ಕೋಪೊಲಮೀನ್ ಆಗಿಬರುವುದಿಲ್ಲ. ವಯಸ್ಸಾದವರಲ್ಲಿ ಗಲಿಬಿಲಿಯನ್ನೂ ತರಬಹುದು. ಅಂಥವರಿಗೆ ಈ ಹಾರಾಟದ ಅರ್ಧ ರಕ್ಷಣೆ ತಪ್ಪಿಹೋಗುತ್ತದೆ, ಮತ್ತು ಆರು ಸಾವಿರ ಯೂರೋ ಕೊಡುವ ಮೊದಲು ತಮ್ಮ ವೈದ್ಯರಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಮೇಲು. ಎರಡನೆಯದು, ಮುನ್ನಾದಿನ ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿಕೊಂಡ, ಮಣಿಕಟ್ಟನ್ನು ಒತ್ತಿ ವಾಂತಿ ತಡೆಯಬೇಕಾದ ಪಟ್ಟಿಗಳು. ಬೋರ್ಡೋಗೆ ಬರುವ ರೈಲಿನಲ್ಲಿ ಪುಸ್ತಕ ಓದುತ್ತ ಅವುಗಳನ್ನು ಪರೀಕ್ಷಿಸಿದೆ. ಮಣಿಕಟ್ಟಿನಲ್ಲಿ ಕೆಂಪು ಗುರುತು ಉಳಿಯಿತು, ತಲೆಸುತ್ತೂ ಉಳಿಯಿತು. ಮೂರನೆಯದು ಬೆಲೆ. ಅದರ ಬಗ್ಗೆ ಹೆಚ್ಚು ಹೇಳಲಾರೆ. ಮೂರು ವರ್ಷ ಕೂಡಿಟ್ಟ ಹಣ, ಮತ್ತೆ ಕೊಡುವಷ್ಟಿಲ್ಲ.

ಒಂದು ತಪ್ಪು ಕಲ್ಪನೆಯನ್ನು ಮಾತ್ರ ಸರಿಪಡಿಸಬೇಕು. ಇಲ್ಲಿ ವಾಂತಿಯಾಗಲಿಲ್ಲವೆಂದ ಮಾತ್ರಕ್ಕೆ ಬಾಹ್ಯಾಕಾಶದಲ್ಲೂ ಆಗುವುದಿಲ್ಲ ಎಂದು ಬೀಗುವಂತಿಲ್ಲ. 1961ರ ಆಗಸ್ಟಿನಲ್ಲಿ ವೊಸ್ತೋಕ್-2ರಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಭೂಮಿಯನ್ನು ಸುತ್ತಿದ ಗೆರ್ಮನ್ ಟಿಟೋವ್ ಬಾಹ್ಯಾಕಾಶದಲ್ಲಿ ವಾಂತಿ ಮಾಡಿದ ಮೊದಲ ಮನುಷ್ಯ. ಆತ ಪಳಗಿದ ಯುದ್ಧವಿಮಾನ ಚಾಲಕ. 1969ರ ಮಾರ್ಚಿನಲ್ಲಿ ಅಪೊಲೊ-9ರ ರಸೆಲ್ ಶ್ವೈಕಾರ್ಟ್ ವಾಂತಿ ಮಾಡಿಕೊಂಡದ್ದರಿಂದ ಅವರ ಬಾಹ್ಯಾಕಾಶ ನಡಿಗೆಯನ್ನೇ ಮೊಟಕುಗೊಳಿಸಬೇಕಾಯಿತು, ಏಕೆಂದರೆ ಮುಚ್ಚಿದ ಶಿರಸ್ತ್ರಾಣದೊಳಗೆ ವಾಂತಿಯಾದರೆ ಅದು ಕೆಳಗೆ ಬೀಳುವುದಿಲ್ಲ, ಮೂಗು ಬಾಯಿಗಳ ಮುಂದೆಯೇ ತೇಲುತ್ತದೆ. ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಎರಡು ಮೂರು ದಿನ ಈ ಕಾಟವನ್ನು ಅನುಭವಿಸುತ್ತಾರೆ, ಆಮೇಲೆ ಮಿದುಳು ಹೊಸ ಲೆಕ್ಕಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ನೆಲದ ಮೇಲೆ ಯಾರಿಗೆ ಹೊಟ್ಟೆ ತೊಳಸುತ್ತದೆ ಎಂಬುದನ್ನು ನೋಡಿ ಮೇಲೆ ಯಾರಿಗೆ ಆಗುತ್ತದೆಂದು ಹೇಳಲು ಬರುವುದಿಲ್ಲ. ಇದು ನಮ್ಮವರಿಗೂ ಮುಖ್ಯವಾದ ಮಾತು. ಗಗನಯಾನಕ್ಕೆ ವಾಯುಪಡೆಯ ನಾಲ್ವರನ್ನು ಆರಿಸಿದ್ದು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ. ಅವರಿಗೆ ಇಂಥದೇ ಪ್ಯಾರಾಬೋಲಾಗಳ ತರಬೇತಿ ಸಿಕ್ಕಿದ್ದು ರಷ್ಯಾದ ಇಲ್ಯೂಷಿನ್-76 ವಿಮಾನದಲ್ಲಿ. ಕೆಲವೇ ದಿನಗಳ ಯಾನವೆಂದು ಯೋಜಿಸಿರುವಾಗ ಮೊದಲ ಎರಡು ದಿನ ಹೊಟ್ಟೆ ಕೈಕೊಟ್ಟರೆ ಉಳಿಯುವುದೇನು ಎಂಬ ಚಿಂತೆ ಆ ವೈದ್ಯರಿಗೆ ಇದ್ದೇ ಇರುತ್ತದೆ. ಸ್ಪೇಸ್ ಷಟಲ್ ಕಾಲದ ಅಮೆರಿಕನ್ನರು ಅಂಥ ಹೊತ್ತಿನಲ್ಲಿ ಸ್ನಾಯುವಿಗೆ ಚುಚ್ಚುತ್ತಿದ್ದದ್ದು ಪ್ರೊಮೆಥಜೀನ್. ನಮ್ಮ ಮೆಡಿಕಲ್ ಶಾಪುಗಳಲ್ಲಿ ಘಾಟಿ ಹತ್ತುವ ಮೊದಲು ಕೇಳಿ ಪಡೆಯುವ ಅವೊಮಿನ್ ಮಾತ್ರೆಯಲ್ಲಿರುವುದೂ ಅದೇ ಔಷಧಿಯ ಇನ್ನೊಂದು ಲವಣ.

ಹಾಗಾಗಿ ನನ್ನ ಶಿಫಾರಸು ಇಷ್ಟು: ಹಣವಿದ್ದು, ಆರೋಗ್ಯವಿದ್ದು, ಇಂಜೆಕ್ಷನ್ ಬೇಡವೆನ್ನುವ ಹಟವಿಲ್ಲದಿದ್ದರೆ, ಪ್ರಯಾಣದಲ್ಲಿ ವಾಂತಿ ಮಾಡುವ ಅಭ್ಯಾಸ ಈ ಹಾರಾಟಕ್ಕೆ ಅಡ್ಡಿಯಲ್ಲ. ಹಿಂದಿನ ರಾತ್ರಿ ನಿದ್ದೆ ಮಾಡಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗದೆ ಹಗುರವಾಗಿ ತಿಂದು ಹೋಗಿ, ಭಾರದ ಅವಧಿಯಲ್ಲಿ ತಲೆಯನ್ನು ನೆಲಕ್ಕೆ ಅಂಟಿಸಿದಂತೆ ಇಟ್ಟುಕೊಳ್ಳಿ. ಮೊದಲ ಎರಡು ಪೂರ್ಣ ಪ್ಯಾರಾಬೋಲಾಗಳಲ್ಲಿ ಲಾಗ ಹಾಕುವ ಆಸೆಯನ್ನು ತಡೆದುಕೊಂಡವರು ಕೊನೆಯ ಎರಡರಲ್ಲಿ ಬೇಕಾದಷ್ಟು ಹಾಕಬಹುದು.

ಹಾರಾಟವಾಗಿ ಮೂರು ವಾರಕ್ಕೆ ಊರಿಗೆ ಬಂದಿದ್ದೆ. ಹದಿನೈದು ಪ್ಯಾರಾಬೋಲಾ ಮುಗಿಸಿದವಳಿಗೆ ಯಾವ ಮಾತ್ರೆ ಎಂಬ ಉಡಾಫೆಯಲ್ಲಿ, ಉಜಿರೆಯಿಂದ ಮೂಡಿಗೆರೆಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತೆ. ಘಾಟಿಯ ಅಣ್ಣಪ್ಪ ಸ್ವಾಮಿ ಗುಡಿ ಬರುವ ಮೊದಲೇ, ಪ್ರತಿ ವರ್ಷ ಆಗುವ ತಿರುವಿನಲ್ಲಿಯೇ, ವಾಂತಿಯಾಯಿತು.